ಮೂರು ತಲೆಮಾರು ಒಂದೆಡೆ ಸೇರಿದಾಗ ಆಟ ಆಡಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮದುವೆಯ ಹಿಂದಿನ ಸಂಜೆ, ಗೃಹಪ್ರವೇಶದ ಮರುದಿನ ಅಥವಾ ವರ್ಷಕ್ಕೊಮ್ಮೆ ನಡೆಯುವ ಕುಟುಂಬ ಮಿಲನದಲ್ಲಿ ಆಟ ಆಡಿಸಲು ಹೊರಟವರು ಸಾಮಾನ್ಯವಾಗಿ ಒಂದೇ ರೀತಿಯಲ್ಲಿ ಸೋಲುತ್ತಾರೆ. ಮೊದಲ ಹತ್ತು ನಿಮಿಷ ಗದ್ದಲವಿರುತ್ತದೆ. ಅರ್ಧ ಗಂಟೆಯೊಳಗೆ ಹಾಡು ಬಲ್ಲ ಇಬ್ಬರು ಮೂವರು ಮಾತ್ರ ಅಂತ್ಯಾಕ್ಷರಿ ಮುಂದುವರಿಸುತ್ತಿರುತ್ತಾರೆ, ಹದಿಹರೆಯದವರು ಮೊಬೈಲಿಗೆ ಮರಳಿರುತ್ತಾರೆ, ಗಂಡಸರು ವರಾಂಡಕ್ಕೆ ಜಾರಿರುತ್ತಾರೆ, ಮಕ್ಕಳು ಕುರ್ಚಿಗಳ ನಡುವೆ ಓಡಾಡುತ್ತಿರುತ್ತಾರೆ. ಆಗ ಎಲ್ಲರೂ ಆಟವನ್ನೇ ದೂರುತ್ತಾರೆ. ವಾಸ್ತವವಾಗಿ ಆಟಗಳಲ್ಲಿ ದೋಷವಿರುವುದು ಅಪರೂಪ, ದೋಷವಿರುವುದು ಆಟಗಳ ಕ್ರಮದಲ್ಲಿ ಮತ್ತು ಆಡಿಸುವವರು ಮೊದಲೇ ತೀರ್ಮಾನಿಸದೆ ಬಿಟ್ಟ ನಿಯಮಗಳಲ್ಲಿ.

ಈ ಮಾರ್ಗದರ್ಶಿಯು 30ರಿಂದ 40 ಜನ, ಆರು ವರ್ಷದ ಮಗುವಿನಿಂದ ಎಂಬತ್ತರ ಅಜ್ಜಿಯವರೆಗೆ, ಒಂದೇ ಹಾಲ್‌ನಲ್ಲಿ ಸುಮಾರು ಒಂದೂವರೆ ಗಂಟೆ ಕಳೆಯುವ ಸಂದರ್ಭಕ್ಕಾಗಿ ಬರೆದದ್ದು. ಕ್ರಮ ಹೀಗಿದೆ: ಚೀಟಿ ಪ್ರಶ್ನೆಗಳು, ತಂಬೋಲ (ಕೂಗಿದ ಅಂಕಿಗಳನ್ನು ಟಿಕೆಟ್‌ನಲ್ಲಿ ಹೊಡೆಯುವ ಆಟ), ಮೂಕಾಭಿನಯ, ಕೊನೆಗೆ ಅಂತ್ಯಾಕ್ಷರಿ. ಈ ಕ್ರಮವನ್ನು ಬದಲಿಸಬೇಡಿ, ಕಾರಣಗಳು ಆಯಾ ಹಂತದಲ್ಲಿವೆ.

ಹಂತ 1: ಜನರ ಪಟ್ಟಿ ಮತ್ತು ಸಮಯ

ಒಂದು ವಾರ ಮೊದಲೇ ಬರುವವರ ಪಟ್ಟಿ ಮಾಡಿ, ಪ್ರತಿ ಹೆಸರಿನ ಮುಂದೆ ಮೂರು ಸಂಗತಿಗಳನ್ನು ಗುರುತಿಸಿಕೊಳ್ಳಿ: ಕನ್ನಡ ಓದಲು ಬರುತ್ತದೆಯೇ, ಕಿವಿ ಚೆನ್ನಾಗಿ ಕೇಳಿಸುತ್ತದೆಯೇ, ಎದ್ದು ಓಡಾಡಲು ಸಾಧ್ಯವೇ. ಹೊರರಾಜ್ಯ ಅಥವಾ ಹೊರದೇಶದಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಮಾತು ಬಂದರೂ ಅಕ್ಷರ ಬಾರದಿರಬಹುದು. ಕನ್ನಡದಲ್ಲಿ ಬರೆದ ಚೀಟಿಯನ್ನು ಅಂಥ ಮಗುವಿನ ಕೈಗೆ ಕೊಟ್ಟು ಎಲ್ಲರೆದುರು ನಿಲ್ಲಿಸಿದರೆ ಆ ಮಗು ಆ ದಿನ ಇನ್ನೊಂದು ಆಟಕ್ಕೆ ಬರುವುದಿಲ್ಲ.

ಹೋಳಿಗೆ ಊಟದ ನಂತರದ ಎರಡು ಗಂಟೆ ಯಾವ ಆಟಕ್ಕೂ ಒದಗುವುದಿಲ್ಲ. ಸಂಜೆ ಕಾಫಿ ತಿಂಡಿಯ ಬಳಿಕ, ಸುಮಾರು ಐದು ಗಂಟೆಗೆ ಆರಂಭಿಸಿ ಆರೂವರೆಗೆ ಮುಗಿಸುವುದು ಉತ್ತಮ. ಮದುವೆ ಛತ್ರದಲ್ಲಿ ಊಟದ ನಂತರ ರಾತ್ರಿ ಆಡಿಸುವುದಾದರೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದನ್ನು ನೆನಪಿಟ್ಟು ಮೈಕ್ ಬೇಕಾಗುವ ತಂಬೋಲವನ್ನು ಒಂಬತ್ತೂವರೆಯೊಳಗೆ ಮುಗಿಸಿ.

ಆಡಿಸುವವರು ಇಬ್ಬರಿರಬೇಕು. ಒಬ್ಬರು ಮಾತನಾಡುತ್ತಾರೆ, ಇನ್ನೊಬ್ಬರು ಚೀಟಿ, ಗಡಿಯಾರ ಮತ್ತು ಅಂಕಗಳನ್ನು ನೋಡಿಕೊಳ್ಳುತ್ತಾರೆ. ಒಬ್ಬರೇ ಎರಡನ್ನೂ ಮಾಡಲು ಹೋದಾಗ ಪ್ರತಿ ಸುತ್ತಿನ ನಡುವೆ ಎರಡು ನಿಮಿಷದ ಮೌನ ಬರುತ್ತದೆ, ಜನ ಎದ್ದು ಹೋಗುವುದು ಆ ಮೌನದಲ್ಲಿ. ಮನೆಯ ಯಜಮಾನರನ್ನೋ ಮದುವೆಯ ಮನೆಯವರನ್ನೋ ಈ ಕೆಲಸಕ್ಕೆ ಹಾಕಬೇಡಿ, ಅವರನ್ನು ಅಡುಗೆಯವರು ಐದು ನಿಮಿಷಕ್ಕೊಮ್ಮೆ ಕರೆಯುತ್ತಲೇ ಇರುತ್ತಾರೆ.

ಹಂತ 2: ಸಾಮಗ್ರಿ

ಬೇಕಾಗುವುದು ಇಷ್ಟು: ಅಂಗೈಯಗಲದ ಖಾಲಿ ಚೀಟಿಗಳು ನೂರು, ಸೀಸದ ಕಡ್ಡಿ 40, ತಂಬೋಲ ಟಿಕೆಟ್‌ಗಳು, 1ರಿಂದ 90ರವರೆಗಿನ ಅಂಕಿ ಬಿಲ್ಲೆಗಳು ಮತ್ತು ಬಟ್ಟೆಯ ಚೀಲ, ದೊಡ್ಡ ಬಿಳಿ ಹಾಳೆ ಮತ್ತು ದಪ್ಪ ಮಾರ್ಕರ್, ಎರಡು ಪಾತ್ರೆ, ಸೆಕೆಂಡು ತೋರಿಸುವ ಗಡಿಯಾರ. ಪೆನ್ನುಗಳನ್ನು ನಂಬಬೇಡಿ, ಹತ್ತರಲ್ಲಿ ಮೂರು ಬರೆಯುವುದಿಲ್ಲ ಮತ್ತು ಉಳಿದವು ಯಾರದೋ ಜೇಬು ಸೇರುತ್ತವೆ. ಅಂಕಿ ಕೂಗಲು ಮೊಬೈಲ್ ಆ್ಯಪ್ ಬಳಸುವುದಾದರೆ ಆ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಬಿಲ್ಲೆಗಳಾದರೆ ಹಿಂದಿನ ರಾತ್ರಿಯೇ ಎಣಿಸಿ ತೊಂಬತ್ತೂ ಇವೆಯೆಂದು ಖಚಿತಪಡಿಸಿಕೊಳ್ಳಿ. ಒಂದು ಬಿಲ್ಲೆ ಕಳೆದಿದ್ದರೆ ಆ ಅಂಕಿಯಿರುವ ಯಾವ ಟಿಕೆಟ್ಟೂ ಫುಲ್ ಹೌಸ್ (ಟಿಕೆಟ್‌ನ ಎಲ್ಲ ಅಂಕಿಗಳೂ ಮುಗಿಯುವುದು) ಆಗಲಾರದು, ಜಗಳ ಖಂಡಿತ.

ಬಹುಮಾನಗಳು ಸಣ್ಣವಾಗಿರಲಿ, ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದಿರಲಿ: ಸ್ಟೀಲ್ ಡಬ್ಬಿ, ಕಾಫಿ ಪುಡಿಯ ಪೊಟ್ಟಣ, ಕಡಲೆ ಚಿಕ್ಕಿ, ತುಳಸಿ ಗಿಡದ ಕುಂಡ. ಟಿಕೆಟ್‌ಗೆ ಹಣ ಸಂಗ್ರಹಿಸಿ ಅದನ್ನೇ ಬಹುಮಾನವಾಗಿ ಹಂಚುವ ಪದ್ಧತಿ ಅನೇಕ ಕಡೆ ಇದೆ, ಅದು ಬೇಡ. ಅದೃಷ್ಟದ ಆಟಕ್ಕೆ ಹಣ ಕಟ್ಟಿಸುವುದು ಜೂಜಿಗೆ ಹತ್ತಿರವಾದದ್ದು ಎಂಬುದು ಒಂದು ಕಾರಣ, ನಾಲ್ಕು ಮಕ್ಕಳಿರುವವರು ಆರು ಟಿಕೆಟ್‌ಗೆ ಕೈಯಿಂದ ಹಣ ತೆರಬೇಕಾಗುತ್ತದೆ ಎಂಬುದು ಇನ್ನೊಂದು.

ಹಂತ 3: ಕುಳ್ಳಿರಿಸುವುದು

ಕುರ್ಚಿಗಳನ್ನು ಸಾಲಾಗಿ ಹಾಕಿದರೆ ಹಿಂದಿನ ಸಾಲು ಪ್ರೇಕ್ಷಕರಾಗುತ್ತದೆ. ಆದ್ದರಿಂದ ಅರ್ಧಚಂದ್ರಾಕಾರದಲ್ಲಿ ಕುರ್ಚಿಗಳನ್ನು ಜೋಡಿಸಿ, ಅದರ ಮುಂದೆ ಜಮಖಾನ ಹಾಸಿ ಮಕ್ಕಳನ್ನೂ ಯುವಕರನ್ನೂ ಕೂರಿಸಿ. ಕಿವಿ ಮಂದವಾದ ಹಿರಿಯರು ಮಾತನಾಡುವವರ ಎದುರಿಗೇ ಇರಲಿ, ಪಕ್ಕದಲ್ಲಲ್ಲ. ಟಿವಿ ಆರಿಸಿ.

ಸಂಗೀತ ಕುರ್ಚಿಯಂಥ ಓಟದ ಆಟಗಳನ್ನು ಈ ಪಟ್ಟಿಗೆ ಸೇರಿಸಿಲ್ಲ. ನುಣುಪಾದ ಟೈಲ್ಸ್ ನೆಲ, ಹಗುರವಾದ ಪ್ಲಾಸ್ಟಿಕ್ ಕುರ್ಚಿ ಮತ್ತು ರೇಷ್ಮೆ ಸೀರೆ ಈ ಮೂರೂ ಸೇರಿದಲ್ಲಿ ಯಾರಾದರೂ ಬೀಳುತ್ತಾರೆ. ಮಕ್ಕಳಿಗೆ ಅದು ಬೇಕೇ ಬೇಕೆಂದರೆ ಹೊರಗೆ ಅಂಗಳದಲ್ಲಿ ಪ್ರತ್ಯೇಕವಾಗಿ ಆಡಿಸಿ.

ಹಂತ 4: ಚೀಟಿ ಪ್ರಶ್ನೆಗಳು (ಸುಮಾರು 20 ನಿಮಿಷ)

ಮೊದಲು ಈ ಆಟವನ್ನೇ ಇಡಲು ಕಾರಣ, ತಡವಾಗಿ ಬಂದವರೂ ಇದಕ್ಕೆ ಯಾವ ಕ್ಷಣದಲ್ಲಾದರೂ ಸೇರಿಕೊಳ್ಳಬಹುದು. ತಂಬೋಲಕ್ಕೆ ಹಾಗೆ ಸೇರಲಾಗುವುದಿಲ್ಲ. ಜೊತೆಗೆ, ಇಲ್ಲಿ ಯಾರೂ ಎದ್ದು ನಿಲ್ಲಬೇಕಿಲ್ಲ, ಹಾಡಬೇಕಿಲ್ಲ. «ಎಲ್ಲರೂ ಒಬ್ಬೊಬ್ಬರಾಗಿ ಪರಿಚಯ ಮಾಡಿಕೊಳ್ಳಿ» ಎಂದು ಆರಂಭಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. 40 ಜನ ತಲಾ ಒಂದು ನಿಮಿಷ ಹೆಸರು, ಕಂಪನಿ, ಬಡಾವಣೆ ಹೇಳುವಷ್ಟರಲ್ಲಿ ಸಂಜೆಯ ಅರ್ಧ ಮುಗಿದಿರುತ್ತದೆ.

ವಿಧಾನ ಹೀಗಿದೆ. ಎಲ್ಲರಿಗೂ ಒಂದು ಚೀಟಿ ಕೊಟ್ಟು, ಒಂದೇ ಪ್ರಶ್ನೆ ಕೇಳಿ, ಹೆಸರು ಬರೆಯದೆ ಉತ್ತರವನ್ನಷ್ಟೇ ಬರೆಯಲು ಹೇಳಿ. ಬರೆಯಲು ಕಷ್ಟವಾಗುವ ಹಿರಿಯರ ಉತ್ತರವನ್ನು ಅವರ ಕಿವಿಯ ಬಳಿ ಕುಳಿತು ಒಂದು ಮಗು ಬರೆದುಕೊಳ್ಳಲಿ, ಆ ಮಗುವಿಗೆ ಕನ್ನಡ ಅಕ್ಷರ ಬಾರದಿದ್ದರೆ ಇಂಗ್ಲಿಷ್ ಲಿಪಿಯಲ್ಲಿ ಬರೆದರೂ ಸರಿ. ಅಜ್ಜಿಯೊಬ್ಬರು ಮೊಮ್ಮಗನ ಕಿವಿಯಲ್ಲಿ ಗುಟ್ಟು ಹೇಳುವುದನ್ನು ಉಳಿದವರು ಕುತೂಹಲದಿಂದ ನೋಡುವುದರಿಂದಲೇ ಆಟ ಅರ್ಧ ಗೆದ್ದಂತಾಗುತ್ತದೆ. ಚೀಟಿಗಳನ್ನು ಪಾತ್ರೆಗೆ ಹಾಕಿ, ಒಂದೊಂದಾಗಿ ಓದಿ, ಇದು ಯಾರದೆಂದು ಸಭೆ ಊಹಿಸಲಿ. ಮೂರು ಊಹೆಯೊಳಗೆ ಸಿಗದಿದ್ದರೆ ಬರೆದವರು ಕೈಯೆತ್ತಲಿ. ಒಂದು ಸುತ್ತಿಗೆ ಹನ್ನೆರಡರಿಂದ ಹದಿನೈದು ಚೀಟಿ ಓದಿದರೆ ಸಾಕು. ಈ ಸಲ ಯಾರ ಚೀಟಿ ಓದಲಿಲ್ಲವೋ ಅವರದು ಮುಂದಿನ ಪ್ರಶ್ನೆಯಲ್ಲಿ ಮೊದಲು ಬರುವಂತೆ ಎರಡನೆಯವರು ನೋಡಿಕೊಳ್ಳಬೇಕು.

ಪ್ರಶ್ನೆಯ ಆಯ್ಕೆಯೇ ಇಲ್ಲಿ ಮುಖ್ಯ. ಒಳ್ಳೆಯ ಪ್ರಶ್ನೆಗೆ ಒಂದು ಸಾಲಿನಲ್ಲಿ ಉತ್ತರವಿರುತ್ತದೆ, ಎಲ್ಲ ವಯಸ್ಸಿನವರ ಬಳಿಯೂ ಉತ್ತರವಿರುತ್ತದೆ, ಮತ್ತು ಆ ಉತ್ತರದಿಂದ ಯಾರೂ ದೊಡ್ಡವರು ಚಿಕ್ಕವರು ಆಗುವುದಿಲ್ಲ. «ನಿಮ್ಮ ಜೀವನದ ಸ್ಫೂರ್ತಿ ಯಾರು?» ಎಂದು ಕೇಳಿದರೆ ಎಲ್ಲರೂ ಭಾಷಣದ ಧಾಟಿಗೆ ಹೊರಳಿ «ನನ್ನ ತಾಯಿ» ಎಂದು ಬರೆಯುತ್ತಾರೆ, ಊಹಿಸಲು ಏನೂ ಉಳಿಯುವುದಿಲ್ಲ. ಅದರ ಬದಲು ಹೀಗೆ ಕೇಳಿ:

ಚಿಕ್ಕಂದಿನಲ್ಲಿ ಯಾವ ವಸ್ತುವನ್ನು ಮುರಿದು ಬಚ್ಚಿಟ್ಟಿದ್ದಿರಿ?
ಮೊದಲ ಸಲ ಒಬ್ಬರೇ ಬಸ್ಸು ಹತ್ತಿ ಹೋದದ್ದು ಯಾವ ಊರಿಗೆ?
ಶಾಲೆಯಲ್ಲಿ ನಿಮಗಿದ್ದ ಅಡ್ಡಹೆಸರು ಏನು?
ನಿಮ್ಮ ಮನೆಯಲ್ಲಿ ಯಾರಿಗೂ ಸೇರದ, ನಿಮಗೆ ಮಾತ್ರ ಇಷ್ಟವಾದ ತಿನಿಸು ಯಾವುದು?
ಇಷ್ಟವಿಲ್ಲದಿದ್ದರೂ ಇಷ್ಟವೆಂದು ಹೇಳಿಕೊಂಡು ಬಂದಿರುವ ಅಡುಗೆ ಯಾವುದು?

ಕೊನೆಯ ಪ್ರಶ್ನೆಯನ್ನು ಅಡುಗೆ ಮಾಡಿದವರು ಗಟ್ಟಿ ಹೃದಯದವರಾಗಿದ್ದರೆ ಮಾತ್ರ ಕೇಳಿ.

ಎರಡು ಸುತ್ತಿನ ನಂತರ, ಕೈಯೆತ್ತಿಸಿ ಪಕ್ಷ ಕಟ್ಟಿಸುವ ಒಂದೆರಡು ಪ್ರಶ್ನೆಗಳನ್ನು ಇಡಬಹುದು. ಸಾರಿಗೆ ಬೆಲ್ಲ ಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆ ಉಡುಪಿ, ಮೈಸೂರು ಮತ್ತು ಧಾರವಾಡ ಕಡೆಯ ನೆಂಟರು ಒಂದೇ ಹಾಲ್‌ನಲ್ಲಿದ್ದರೆ ಹತ್ತು ನಿಮಿಷ ತಾನೇ ನಡೆಯುತ್ತದೆ. ಚೌಚೌ ಬಾತ್ ತಟ್ಟೆ ಬಂದಾಗ ಮೊದಲು ಕೈ ಹೋಗುವುದು ಖಾರಾಬಾತ್‌ಗೋ ಕೇಸರಿಬಾತ್‌ಗೋ ಎಂಬುದೂ ಹಾಗೆಯೇ.

ಕೇಳಬಾರದವು: ಸಂಬಳ, ಅಂಕಗಳು, ಮದುವೆ ಯಾವಾಗ, ಮಗು ಯಾವಾಗ, ಮನೆ ಕಟ್ಟಿಸಿದಿರಾ, ತೂಕ, ಆಸ್ತಿ, ರಾಜಕೀಯ. ನೀವು ಕೇಳದಿದ್ದರೂ ಯಾರಾದರೂ ಹಿರಿಯರು ನಡುವೆ «ಮುಂದಿನ ಸಲ ಜೋಡಿಯಾಗಿ ಬಾರಪ್ಪ» ಎಂದು ತಮಾಷೆಗೆಂಬಂತೆ ಹೇಳುವುದುಂಟು. ಆ ಕ್ಷಣದಲ್ಲಿ ಉತ್ತರಕ್ಕೆ ಕಾಯದೆ ಮುಂದಿನ ಚೀಟಿಯನ್ನು ಗಟ್ಟಿಯಾಗಿ ಓದಿಬಿಡಿ. ಹಾಗೆಯೇ, ಮನೆಗೆ ಹೊಸದಾಗಿ ಬಂದ ಸೊಸೆ ಅಥವಾ ಅಳಿಯನನ್ನು ಎಲ್ಲರೂ ಸೇರಿ ಪ್ರಶ್ನಿಸುವುದು ಆಟವಲ್ಲ, ಸಂದರ್ಶನ. ಉತ್ತರ ಕರ್ನಾಟಕದ ಮನೆಗಳಲ್ಲಿ ಗಂಡನ ಹೆಸರು ಸೇರಿಸಿ ಒಡಪು (ಪ್ರಾಸದ ಸಾಲುಗಳು) ಹೇಳಿಸುವ ರೂಢಿಯಿದೆ. ಅದನ್ನು ಹೊಸಬಳಿಂದ ಆರಂಭಿಸದೆ, ಒಡಪು ಬಾಯಿಪಾಠವಿರುವ ದೊಡ್ಡಮ್ಮಂದಿರಿಂದ ಆರಂಭಿಸಿದರೆ ಹೊಸಬಳಿಗೂ ಹೇಳುವ ಮನಸ್ಸಾಗುತ್ತದೆ. «ನಾನು ಒಲ್ಲೆ» ಎನ್ನುವ ಹಕ್ಕು ಎಲ್ಲರಿಗೂ ಇದೆಯೆಂದು ಮೊದಲೇ ಘೋಷಿಸಿ.

ಅಪಾಯದ ಸೂಚನೆ: ಒಂದು ಚೀಟಿ ಓದಿದ ಮೇಲೆ ನಗು ಬರದೆ, ಎಲ್ಲರೂ ಒಬ್ಬರ ಮುಖವನ್ನೇ ನೋಡಿದರೆ ಆ ಪ್ರಶ್ನೆಯನ್ನು ಅಲ್ಲಿಗೇ ಬಿಡಿ. ಉಳಿದ ಚೀಟಿಗಳನ್ನು ಓದಬೇಡಿ.

ಹಂತ 5: ತಂಬೋಲ (ಸುಮಾರು 25 ನಿಮಿಷ)

ಎಲ್ಲರೂ ಬಂದಾಗಿದೆ, ಕುಳಿತಾಗಿದೆ, ಒಮ್ಮೆ ನಕ್ಕಾಗಿದೆ. ಈಗ ಕೌಶಲ ಬೇಡದ, ಸೋತರೆ ನಾಚಿಕೆಯಿಲ್ಲದ ಆಟ ಬೇಕು. ಟಿಕೆಟ್‌ನಲ್ಲಿ ಮೂರು ಸಾಲು, ಒಂಬತ್ತು ಕಂಬ, ಸಾಲಿಗೆ ಐದರಂತೆ ಒಟ್ಟು 15 ಅಂಕಿಗಳಿರುತ್ತವೆ. ಮೊದಲ ಕಂಬದಲ್ಲಿ 1ರಿಂದ 9, ಎರಡನೆಯದರಲ್ಲಿ 10ರಿಂದ 19, ಹೀಗೆ ಕೊನೆಯದರಲ್ಲಿ 80ರಿಂದ 90. ಈ ಕಂಬಗಳ ವಿಷಯವನ್ನು ಹೊಸಬರಿಗೆ ತಪ್ಪದೆ ವಿವರಿಸಿ, ಇಲ್ಲವಾದರೆ ಅವರು ಪ್ರತಿ ಅಂಕಿಗೂ ಇಡೀ ಟಿಕೆಟ್ ಹುಡುಕುತ್ತಾ ಹಿಂದೆ ಬೀಳುತ್ತಾರೆ.

ಅಂಕಿ ಕೂಗುವುದರಲ್ಲಿ ಆಗುವ ತಪ್ಪೇ ಹೆಚ್ಚಿನ ಜಗಳಗಳ ಮೂಲ. ಗದ್ದಲದಲ್ಲಿ ಎಪ್ಪತ್ತೂ ಎಂಬತ್ತೂ ಒಂದೇ ಆಗಿ ಕೇಳುತ್ತವೆ. ಇಂಗ್ಲಿಷಿನಲ್ಲಿ ಥರ್ಟೀನ್ ಮತ್ತು ಥರ್ಟಿ ಹಾಗೆಯೇ. ಇಂಗ್ಲಿಷ್ ಮಾಧ್ಯಮದ ಅನೇಕ ಮಕ್ಕಳಿಗೆ «ಎಪ್ಪತ್ತೊಂಬತ್ತು» ಎಂದರೆ ಎಷ್ಟೆಂದು ಥಟ್ಟನೆ ಹೊಳೆಯುವುದಿಲ್ಲ. ಆದುದರಿಂದ ಪ್ರತಿಯೊಂದನ್ನೂ «ಏಳು, ಒಂಬತ್ತು, ಎಪ್ಪತ್ತೊಂಬತ್ತು, ಸೆವೆಂಟಿ ನೈನ್» ಎಂದು ಬಿಡಿಯಾಗಿ, ಕೂಡಿಸಿ, ಎರಡೂ ಭಾಷೆಯಲ್ಲಿ ಹೇಳಿ. ಎರಡನೆಯವರು ಕೂಡಲೇ ದೊಡ್ಡ ಹಾಳೆಯಲ್ಲಿ ಹತ್ತರ ಗುಂಪಾಗಿ ಬರೆಯುತ್ತಾ ಹೋಗಲಿ. ಒಂದು ಅಂಕಿಗೆ ಹತ್ತು ಸೆಕೆಂಡು ಸಾಕು, ಅದಕ್ಕಿಂತ ನಿಧಾನವಾದರೆ ಮಾತುಕತೆ ಶುರುವಾಗುತ್ತದೆ.

ಆರಂಭಕ್ಕೆ ಮೊದಲು ಮೂರು ನಿಯಮಗಳನ್ನು ಗಟ್ಟಿಯಾಗಿ ಹೇಳಬೇಕು. ಮುಂದಿನ ಅಂಕಿ ಕೂಗುವ ಮೊದಲೇ ಕೈಯೆತ್ತಿದರೆ ಮಾತ್ರ ಬಹುಮಾನ. ಇಬ್ಬರು ಒಟ್ಟಿಗೆ ಕೈಯೆತ್ತಿದರೆ ಇಬ್ಬರಿಗೂ ಒಂದೊಂದು (ಇದಕ್ಕಾಗಿ ನಾಲ್ಕು ಸಣ್ಣ ಬಹುಮಾನ ಹೆಚ್ಚಿಗೆ ಇಟ್ಟಿರಿ). ತಪ್ಪಾಗಿ ಕೈಯೆತ್ತಿದ ದೊಡ್ಡವರ ಟಿಕೆಟ್ ರದ್ದು, ಮಕ್ಕಳದಾದರೆ ಆ ಒಂದು ಬಹುಮಾನಕ್ಕೆ ಮಾತ್ರ ರದ್ದು. ಪ್ರತಿ ಗೆಲುವನ್ನೂ ಹಾಳೆಯೊಂದಿಗೆ ತಾಳೆ ನೋಡಿ, ಗೆದ್ದವರು ಮನೆಯ ಹಿರಿಯರಾದರೂ ಸರಿ.

ಈಗ ಹೆಚ್ಚಿನವರು ಗಮನಿಸದ ಸಂಗತಿ. 40 ಟಿಕೆಟ್ ಆಡುತ್ತಿದ್ದರೆ ಜಲ್ದಿ ಐದು (ಮೊದಲು ಐದು ಅಂಕಿ ಹೊಡೆದವರ ಬಹುಮಾನ) ಸಾಮಾನ್ಯವಾಗಿ ಹದಿನೈದನೆಯ ಅಂಕಿಗೆ ಮೊದಲೇ ಹೋಗುತ್ತದೆ, ನಾಲ್ಕು ಮೂಲೆ (ಮೇಲಿನ ಮತ್ತು ಕೆಳಗಿನ ಸಾಲಿನ ಮೊದಲ, ಕೊನೆಯ ಅಂಕಿಗಳು) ಮತ್ತು ಮೂರು ಸಾಲುಗಳು 30ರಿಂದ 50ರ ನಡುವೆ ಮುಗಿಯುತ್ತವೆ, ಆದರೆ ಫುಲ್ ಹೌಸ್ ಬರುವುದು 70ರ ಆಸುಪಾಸಿನಲ್ಲಿ. ಅಂದರೆ ನಡುವೆ ಸುಮಾರು ಇಪ್ಪತ್ತು ಅಂಕಿಗಳ ಕಾಲ ಯಾರಿಗೂ ಏನೂ ಸಿಗುವುದಿಲ್ಲ. ತಂಬೋಲ ಸತ್ತುಹೋಗುವುದು ಇಲ್ಲಿಯೇ. ಇದಕ್ಕೆ ಎರಡು ಬಹುಮಾನ ಸೇರಿಸಿ. ಐವತ್ತನೆಯ ಅಂಕಿ ಕೂಗಿದಾಗ ನಿಲ್ಲಿಸಿ, ಅತಿ ಕಡಿಮೆ ಅಂಕಿ ಹೊಡೆದವರಿಗೆ ಒಂದು ಬಹುಮಾನ ಕೊಡಿ. ಅಲ್ಲಿಯವರೆಗೆ ಗೊಣಗುತ್ತಿದ್ದವರೇ ಉತ್ಸಾಹದಿಂದ ಎಣಿಸತೊಡಗುತ್ತಾರೆ. ಆಮೇಲೆ ಮೊದಲು 13 ಅಂಕಿ ಮುಗಿಸಿದವರಿಗೆ ಇನ್ನೊಂದು. ಅದು ಐವತ್ತರ ನಂತರ ಬೇಗನೆ ಬಂದು, ಅಲ್ಲಿಂದ ಫುಲ್ ಹೌಸ್‌ವರೆಗೆ ಕುತೂಹಲ ಉಳಿಯುತ್ತದೆ.

ಮುಗಿದ ಕೂಡಲೇ «ಇನ್ನೊಂದು ರೌಂಡ್» ಎಂಬ ಕೂಗು ಬರುತ್ತದೆ. ಒಪ್ಪಬೇಡಿ. ಎರಡನೆಯ ಸುತ್ತಿನ ನಡುವೆಯೇ ಜನ ಚದುರುತ್ತಾರೆ, ಚದುರಿದವರನ್ನು ಮತ್ತೆ ಕೂರಿಸುವುದು ಆಗದ ಮಾತು.

ಹಂತ 6: ಮೂಕಾಭಿನಯ (ಸುಮಾರು 25 ನಿಮಿಷ)

ತಂಡಗಳನ್ನು ಮನೆವಾರು ಮಾಡಬೇಡಿ, ಗಂಡು ಹೆಣ್ಣು ಎಂದೂ ಮಾಡಬೇಡಿ. ತಂಬೋಲ ಟಿಕೆಟ್‌ಗಳನ್ನು ಮೊದಲೇ ಮೂರು ಬಣ್ಣದ ಹಾಳೆಯಲ್ಲಿ ಮುದ್ರಿಸಿ ಹಂಚಿದ್ದರೆ ಅದೇ ಬಣ್ಣ ತಂಡವಾಗುತ್ತದೆ. ಹಂಚುವಾಗಲೇ ಪ್ರತಿ ಬಣ್ಣಕ್ಕೂ ಮಕ್ಕಳು ಮತ್ತು ಹಿರಿಯರು ಸಮವಾಗಿ ಬೀಳುವಂತೆ ನೋಡಿಕೊಂಡಿರಬೇಕು.

ಚಲನಚಿತ್ರದ ಹೆಸರುಗಳನ್ನು ಮಾತ್ರ ಇಟ್ಟರೆ ತಲೆಮಾರುಗಳ ನಡುವೆ ಗೋಡೆ ಏಳುತ್ತದೆ: ಅಜ್ಜನಿಗೆ ಗೊತ್ತಿರುವುದು ಮೊಮ್ಮಗಳಿಗೆ ತಿಳಿಯದು, ಮೊಮ್ಮಗಳದ್ದು ಅಜ್ಜನಿಗೆ ತಿಳಿಯದು. ಗಾದೆಗಳು ಇದಕ್ಕಿಂತ ಚೆನ್ನಾಗಿ ಒದಗುತ್ತವೆ, ಆದರೆ ಆರಿಸಿಕೊಳ್ಳಬೇಕು. ಪ್ರಾಣಿ, ವಸ್ತು, ಕ್ರಿಯೆ ಇರುವ ಗಾದೆಗಳು ಅಭಿನಯಕ್ಕೆ ಬರುತ್ತವೆ: «ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ», «ಕುಣಿಯಲಾರದವಳು ನೆಲ ಡೊಂಕು ಎಂದಳು», «ಕೈ ಕೆಸರಾದರೆ ಬಾಯಿ ಮೊಸರು», «ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು». «ತಾಳಿದವನು ಬಾಳಿಯಾನು» ಎಂಬುದನ್ನು ಯಾರಿಗೆ ಕೊಟ್ಟರೂ ಅವರು ಸುಮ್ಮನೆ ನಿಲ್ಲುತ್ತಾರೆ, ಏಕೆಂದರೆ ಅಲ್ಲಿ ಕಣ್ಣಿಗೆ ಕಾಣುವುದು ಏನೂ ಇಲ್ಲ. ಚಿಕ್ಕ ಮಕ್ಕಳಿಗೆ ಬೇರೆ ಪಾತ್ರೆಯಲ್ಲಿ ಸರಳ ಕೆಲಸಗಳನ್ನು ಇಡಿ: ದೋಸೆ ಹುಯ್ಯುವುದು, ಬಾವಿಯಿಂದ ನೀರು ಸೇದುವುದು, ರಂಗೋಲಿ ಹಾಕುವುದು, ಕೆಎಸ್‌ಆರ್‌ಟಿಸಿ ಕಂಡಕ್ಟರ್ ಟಿಕೆಟ್ ಕೊಡುವುದು.

ಚೀಟಿಗಳನ್ನು ನೀವೇ ಮೊದಲೇ ಬರೆದಿಡಬೇಕು. ಎದುರು ತಂಡ ಬರೆದುಕೊಡುವ ಪದ್ಧತಿಯಲ್ಲಿ ಅವರು ಹುಡುಕಿ ಹುಡುಕಿ ಅಸಾಧ್ಯವಾದದ್ದನ್ನೇ ಕೊಡುತ್ತಾರೆ, ಮೂರು ಸುತ್ತಿನೊಳಗೆ ವೈರ ಬೆಳೆಯುತ್ತದೆ. ಒಬ್ಬರಿಗೆ 90 ಸೆಕೆಂಡು. ತುಟಿ ಆಡಿಸುವಂತಿಲ್ಲ, ಗಾಳಿಯಲ್ಲಿ ಅಕ್ಷರ ಬರೆಯುವಂತಿಲ್ಲ, ಕೋಣೆಯ ವಸ್ತು ತೋರಿಸುವಂತಿಲ್ಲ. ಎಷ್ಟು ಪದಗಳೆಂದು ಬೆರಳಿನಲ್ಲಿ ತೋರಿಸಬಹುದು. ಗಾದೆಯ ಮಾತುಗಳು ಊರಿಂದ ಊರಿಗೆ ತುಸು ಬದಲಾಗುವುದರಿಂದ, ಭಾವ ಮತ್ತು ಮುಖ್ಯ ಪದಗಳು ಸರಿಯಿದ್ದರೆ ಅಂಕ ಕೊಡಿ. ತಂಡಕ್ಕೆ ಐದು ಸರದಿ ಸಾಕು.

ಎದ್ದು ಬರಲು ಹಿಂಜರಿಯುವವರನ್ನು ಜೋಡಿಯಾಗಿ ಕರೆಯಿರಿ. ಇಬ್ಬರು ಒಟ್ಟಿಗೆ ಕೋಣ ಮತ್ತು ಕಿನ್ನರಿಯವನಾದಾಗ ಸಂಕೋಚ ಅರ್ಧಕ್ಕೆ ಇಳಿಯುತ್ತದೆ. ಕೈ ಹಿಡಿದು ಎಳೆದು ತರುವುದು ಮಾತ್ರ ಬೇಡ.

ಹಂತ 7: ಅಂತ್ಯಾಕ್ಷರಿ, ಕೊನೆಯಲ್ಲಿ ಮಾತ್ರ

ಅಂತ್ಯಾಕ್ಷರಿಯಿಂದ ಆರಂಭಿಸುವುದು ಅತಿ ಸಾಮಾನ್ಯವಾದ ತಪ್ಪು. ಗಂಟಲು ತೆರೆಯುವುದಕ್ಕೆ ಮೊದಲು ಸಲುಗೆ ಬೇಕು. ಕೊನೆಯಲ್ಲಿಟ್ಟರೆ ಇನ್ನೊಂದು ಅನುಕೂಲವೂ ಇದೆ: ಊಟದ ಎಲೆ ಹಾಕುವವರು ಎದ್ದು ಹೋದರೂ, ಅರ್ಧ ಜನ ಕೈ ತೊಳೆಯಲು ಹೊರಟರೂ ಆಟ ನಿಲ್ಲುವುದಿಲ್ಲ.

ಕನ್ನಡದಲ್ಲಿ ಈ ಆಟಕ್ಕೆ ಅಕ್ಷರದ ನಿಯಮ ಮೊದಲೇ ಬೇಕು. ಳ ಮತ್ತು ಣ ಅಕ್ಷರಗಳಿಂದ ಆರಂಭವಾಗುವ ಹಾಡು ಸಿಗುವುದಿಲ್ಲ, ಆದ್ದರಿಂದ ಳ ಬಂದರೆ ಲ, ಣ ಬಂದರೆ ನ ಎಂದು ತೀರ್ಮಾನಿಸಿ. ಕಾಗುಣಿತವನ್ನು ಲೆಕ್ಕಕ್ಕೆ ಹಿಡಿಯಬೇಡಿ: «ಲು» ಎಂದು ಮುಗಿದರೆ ಲ, ಲಾ, ಲೋ ಯಾವುದಾದರೂ ಸರಿ. ಒತ್ತಕ್ಷರವಿದ್ದರೆ ಎರಡರಲ್ಲಿ ಯಾವುದನ್ನಾದರೂ ಹಿಡಿಯಬಹುದು. ಹಾಡುವವರು ಕೊನೆಯಲ್ಲಿ ರಾಗವಾಗಿ ಎಳೆಯುವ «ಆ», «ಓ» ಅಕ್ಷರವಲ್ಲ, ಬರೆದಾಗ ಬರುವ ಕೊನೆಯ ಅಕ್ಷರವೇ ಲೆಕ್ಕ. ಪಲ್ಲವಿಯ ಮೊದಲ ಸಾಲನ್ನು ಪೂರ್ತಿ ಹಾಡಬೇಕು. ಎಣಿಕೆ ಇಪ್ಪತ್ತರವರೆಗೆ. ಒಮ್ಮೆ ಬಂದ ಹಾಡು ಮತ್ತೆ ಬರುವಂತಿಲ್ಲ, ಇದಕ್ಕಾಗಿ ಮೊದಲ ಪದವನ್ನು ಒಬ್ಬರು ಬರೆದುಕೊಳ್ಳಲಿ.

ಭಾಷೆಯ ವಿಷಯವನ್ನೂ ಆಗಲೇ ಇತ್ಯರ್ಥಪಡಿಸಿ. ಬೆಂಗಳೂರಿನ ಮನೆಗಳಲ್ಲಿ ಕನ್ನಡದಲ್ಲಿ ಆರಂಭವಾದ ಅಂತ್ಯಾಕ್ಷರಿ ನೋಡನೋಡುತ್ತಲೇ ಹಿಂದಿಗೆ ಹೊರಳುತ್ತದೆ, ಅಲ್ಲಿಗೆ ಹಿರಿಯರು ಮೌನವಾಗುತ್ತಾರೆ. ಚಿತ್ರಗೀತೆ, ಭಾವಗೀತೆ, ಜನಪದ, ದಾಸರ ಪದ, ವಚನ, ಶಿಶುಗೀತೆ ಎಲ್ಲಕ್ಕೂ ಅವಕಾಶವಿರಲಿ. ಮನೆಮಾತು ತುಳು, ಕೊಂಕಣಿ ಅಥವಾ ಕೊಡವ ಆಗಿದ್ದವರು ತಮ್ಮ ಹಾಡನ್ನೇ ಹಾಡಲಿ. ಒಂದೇ ಬಾಯಿಯಿಂದ ಸತತವಾಗಿ ಎರಡು ಹಾಡು ಬರಬಾರದೆಂಬ ನಿಯಮವನ್ನು ಸೇರಿಸಿದರೆ, ಹಾಡು ಬಲ್ಲ ಚಿಕ್ಕಮ್ಮ ಪಕ್ಕದವರಿಗೆ ಹೇಳಿಕೊಡಬೇಕಾಗುತ್ತದೆ. ಬೇಕಾದದ್ದೂ ಅದೇ. ಅಕ್ಷರದಲ್ಲಿ ಆಟ ಸಿಕ್ಕಿಕೊಂಡರೆ ಅಕ್ಷರ ಬಿಟ್ಟು ಪದ ಕೊಡಿ: «ಮಳೆ», «ಊರು», «ಹೂವು» ಇರುವ ಹಾಡು ಯಾವುದಾದರೂ ನಡೆಯಲಿ.

ಹಂತ 8: ನಿಲ್ಲಿಸುವುದು

ಇಬ್ಬರು ಗಡಿಯಾರ ನೋಡಿದರೆ, ಅಂಕಗಳ ಬಗ್ಗೆ ಯಾರೂ ಕೇಳದಿದ್ದರೆ, ಅಥವಾ ಅಂಕಗಳ ಬಗ್ಗೆ ಒಬ್ಬರೇ ಮೂರು ಸಲ ಕೇಳಿದರೆ, ನಡೆಯುತ್ತಿರುವ ಸುತ್ತೇ ಕೊನೆಯದೆಂದು ಘೋಷಿಸಿ. ಗೆದ್ದ ತಂಡಕ್ಕೆ ಒಟ್ಟಾಗಿ ಹಂಚಿ ತಿನ್ನುವಂಥ ಒಂದು ಡಬ್ಬಿ ಸಿಹಿ ಕೊಡಿ, ಹೇಗೂ ಅದು ಎಲ್ಲರ ಕೈಗೂ ಹೋಗುತ್ತದೆ. ಅಡುಗೆ ತಡವಾದರೆ ಎಂಬ ಭಯಕ್ಕೆ ಮೊದಲ ಆಟದಲ್ಲಿ ಓದದೆ ಉಳಿದ ಚೀಟಿಗಳನ್ನು ಎತ್ತಿಟ್ಟಿರಿ, ಹತ್ತು ನಿಮಿಷ ತುಂಬಿಸಲು ಅವು ಸಾಕಾಗುತ್ತವೆ. ಊಟ ಮುಗಿದ ಮೇಲೆ ಓದಿದ ಚೀಟಿ, ಓದದ ಚೀಟಿ ಎಲ್ಲವನ್ನೂ ಹರಿದು ಹಾಕಿ. ಯಾರು ಏನು ಬರೆದಿದ್ದರೆಂದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚಿತ್ರ ಹಾಕಬೇಡಿ.